ಸ್ವಲ್ಪ ಅಡ್ಜಸ್ಟ್ ಮಾಡಿ ಸರ್

ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಹೇಳಿಕೊಡುವ ನಾನು ಮೊದಲ ದಿನ ಪಾಠಕ್ಕೆ ಕೈ ಹಾಕುವುದಿಲ್ಲ, ನಿಯಮ ಓದುತ್ತೇನೆ. ವಿಟಿಯು ಪ್ರಕಾರ ಹಾಜರಿ ಶೇ. 85 ಇರಬೇಕು. ಅಬ್ಸರ್ವೇಶನ್ ಪುಸ್ತಕ ಬೇರೆ, ರೆಕಾರ್ಡ್ ಬೇರೆ. ಚಪ್ಪಲಿ ಲ್ಯಾಬಿನ ಹೊರಗೆ. (ಕಂಪ್ಯೂಟರಿಗೆ ಧೂಳಾಗದು ಎಂದು ಹುಟ್ಟಿದ ನಿಯಮವಿದು. ಈಗ ಎಲ್ಲರ ಜೇಬಿನಲ್ಲೂ ಒಂದೊಂದು ಕಂಪ್ಯೂಟರ್ ಬಸ್‌ಸ್ಟ್ಯಾಂಡಿನ ಧೂಳು ಕುಡಿದುಕೊಂಡೇ ಚೆನ್ನಾಗಿದೆ.) ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ: ‘ಸರ್, ನಮ್ಮದು ಸಿವಿಲ್. ನಮಗ್ಯಾಕೆ ಇದು?’

ಈ ನಿಯಮಗಳೆಲ್ಲ ಬಗ್ಗುವಂಥವೇ. ಊರ ಜಾತ್ರೆಗೆ ಹೋದವನು ಜ್ವರದ ಸರ್ಟಿಫಿಕೇಟ್ ತರುತ್ತಾನೆ. ರೆಕಾರ್ಡಿನಲ್ಲಂತೂ ಓಡದ ಪ್ರೋಗ್ರಾಮನ್ನು ನಾನಿನ್ನೂ ಕಂಡಿಲ್ಲ. ಕಂಪ್ಯೂಟರಿನ ಉತ್ತರವನ್ನು ಕಂಪ್ಯೂಟರ್ ಮುಟ್ಟುವ ಮೊದಲೇ ದುಂಡಗೆ ಬರೆದಿಟ್ಟಿರುತ್ತಾರೆ. ವರ್ಗ ಸಮೀಕರಣದ ಮೂಲಗಳು ಇಡೀ ತರಗತಿಗೆ 3 ಮತ್ತು 2. ಸೀನಿಯರ್ ರೆಕಾರ್ಡಿನಿಂದ ಬಂದ ಪಿತ್ರಾರ್ಜಿತ ಆಸ್ತಿ ಅದು. ನಕಲು ಮಾಡಿದರೆ ಇಬ್ಬರಿಗೂ ಸೊನ್ನೆ ಎಂದಿದ್ದೆ. ‘ಇಬ್ಬರಿಗೂ ಒಂದೇ ಯೋಚನೆ ಬಂತು ಸರ್’ ಎಂದ ಒಬ್ಬ. ಬಂದಿರಬಹುದು. ಆದರೆ ಅವನ ಪ್ರೋಗ್ರಾಮ್ ಪಕ್ಕದ ಹುಡುಗಿಯ ಹೆಸರು ಹಿಡಿದು ಸ್ವಾಗತ ಕೋರುತ್ತಿತ್ತು!

ಅಡ್ಜಸ್ಟ್ ಆಗದಿರುವುದು, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದೇ. ಆರನೇ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟರೆ ನಮ್ಮ ಕಂಪೈಲರ್ ಟರ್ಬೊ ಸಿಯ ನೀಲಿ ಪರದೆ ಏಳನೇ ಸಾಲಿನತ್ತ ಬೆರಳು ತೋರಿಸುತ್ತದೆ. ಮುಂದಿನ ಪದ ಎದುರಾಗುವವರೆಗೆ ಹಿಂದಿನ ವಾಕ್ಯ ಮುಗಿದಿಲ್ಲವೆಂದು ಅದಕ್ಕೂ ತಿಳಿಯುವುದಿಲ್ಲ. ಹುಡುಗ ಏಳನೇ ಸಾಲನ್ನು ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ, ಕೊನೆಗೆ ನನ್ನ ಕಡೆ ತಿರುಗಿ ‘ಕಂಪ್ಯೂಟರ್ ಸರಿಯಿಲ್ಲ ಸರ್’ ಎಂದು ದೂರು ಕೊಡುತ್ತಾನೆ.

ಆದರೆ ಈ ಕಟ್ಟುನಿಟ್ಟೆಲ್ಲ ವ್ಯಾಕರಣಕ್ಕೆ ಮಾತ್ರ. 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಕಟ್ಟಿದ ಸಿ, ಬರೆಯುವವನಿಗೆ ತಾನೇನು ಬರೆಯುತ್ತಿದ್ದೇನೆಂದು ಗೊತ್ತಿರುತ್ತದೆ ಎಂದು ನಂಬುವ ಭಾಷೆ. ಅದರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದವರ ವಿಷಯದಲ್ಲಿ ಆ ನಂಬಿಕೆ ಸರಿ. ಬೆಳಗಿನ ಒಂಬತ್ತರ ಲ್ಯಾಬಿಗೆ ತಿಂಡಿಯಿಲ್ಲದೆ ಓಡಿಬಂದವರ ವಿಷಯದಲ್ಲಿ ಸ್ವಲ್ಪ ಜಾಸ್ತಿಯಾಯಿತು. ಅಂಕ 35 ಇದೆಯೇ ಎಂದು ಕೇಳಲು ಎರಡು ಸಮ ಚಿಹ್ನೆ ಹಾಕಬೇಕು. ಒಂದೇ ಹಾಕಿದರೆ ಸಿ ತಡೆಯುವುದಿಲ್ಲ. ಕೇಳುವ ಬದಲು 35 ಅನ್ನು ಕೊಟ್ಟೇಬಿಡುತ್ತದೆ. ಸೊನ್ನೆ ಅಲ್ಲದ್ದೆಲ್ಲ ಅದರ ಲೆಕ್ಕಕ್ಕೆ ಸತ್ಯ. ಹಾಗೆ ಬರೆದ ಹುಡುಗಿಯೊಬ್ಬಳ ಪ್ರೋಗ್ರಾಮಿಗೆ 12 ಕೊಟ್ಟೆ, ಪಾಸು. 4 ಕೊಟ್ಟೆ, ಪಾಸು. 98 ಕೊಟ್ಟರೂ 35ಕ್ಕೆ ಇಳಿಸಿ ಪಾಸು. ತಪ್ಪು ತಿದ್ದಲು ಹೋದರೆ ಇಡೀ ಬ್ಯಾಚು ಎದ್ದು ನಿಂತು ತಡೆಯಿತು: ‘ಹೀಗೇ ಇರಲಿ ಸರ್!’

ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುತ್ತಿರುವವರಲ್ಲಿ ಒಂದು ವಿನಂತಿ. ಹಾಜರಿಯ ಬಗ್ಗೆ ಮಾತಾಡುವುದಿದ್ದರೆ ಬನ್ನಿ, ಕಾಫಿ ಕುಡಿಯೋಣ. ಸೆಮಿಕೋಲನ್ ವಿಷಯಕ್ಕೆ ಮಾತ್ರ ಶಾಸಕರ ಪತ್ರ ತರಬೇಡಿ. ಕಂಪೈಲರಿಗೆ ಅವರ ಪರಿಚಯವಿಲ್ಲ.