ಟಿ.ವಿ. ನೋಡಲು ಮಗು ಬೇಕಾಗಿದೆ

ರಾಯರು ಬ್ಯಾಂಕ್ ಮ್ಯಾನೇಜರು. ಶಾಖೆಯಲ್ಲಿ ಅವರ ಸಹಿಗಾಗಿ ಜನ ಕಾಯುತ್ತಾರೆ; ಮನೆಗೆ ಬಂದರೆ ಅವರು ಒಂದು ಮಗುವಿಗಾಗಿ ಕಾಯುತ್ತಾರೆ. ಐವತ್ತರ ಹತ್ತಿರದ ಗಂಡಸು ಒಬ್ಬನೇ ಕೂತು ಕಾರ್ಟೂನ್ ನೋಡಿದರೆ ನೆಂಟರು ಡಾಕ್ಟರ ಹೆಸರು ಹೇಳುತ್ತಾರೆ. ಪಕ್ಕದಲ್ಲಿ ಮಗುವಿತ್ತೋ, ‘ಎಂಥಾ ಒಳ್ಳೆ ತಂದೆ’. ಈ ಸವಲತ್ತು ಮಗಳು ಹೈಸ್ಕೂಲು ಸೇರುವವರೆಗೆ ನಡೆಯಿತು. ಆಮೇಲೆ ಅವಳು ಕೊರಿಯನ್ ಸೀರಿಯಲ್ ಹಿಡಿದಳು, ರಾಯರು ಅನಾಥರಾದರು.

ಈಗ ಮಹಡಿ ಮನೆಯ ಹುಡುಗನನ್ನು ಚಕ್ಕುಲಿ ಆಸೆ ತೋರಿಸಿ ಕರೆತರುತ್ತಾರೆ. ಚಕ್ಕುಲಿ ಮುಗಿದೊಡನೆ ಅವನು ‘ಅಂಕಲ್, ಟ್ಯೂಷನ್ ಇದೆ’ ಎಂದು ಏಳುತ್ತಾನೆ. ‘ಇನ್ನೈದೇ ನಿಮಿಷ ಕೂತ್ಕೊಳೋ, ಈಗಲೇ ಯುದ್ಧ’ ಎಂದು ಅಂಗಲಾಚುವುದು ರಾಯರು.

ಇದೆಲ್ಲ ಬಾಲ್ಯದ ಹಂಬಲ ಎಂದುಕೊಳ್ಳಬೇಡಿ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗಲೇ ಅವರಿಗೆ ಮೀಸೆ ಚಿಗುರಿತ್ತು. ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿಯ ಹಳೇ ಇಂಗ್ಲಿಷ್ ಸಿನಿಮಾ ಶುರುವಾಗುತ್ತಿತ್ತು. ಓರಗೆಯ ಹುಡುಗರು ಬಂದು ಕೂರುತ್ತಿದ್ದದ್ದು ಆಗ. ಇವರು ಎದ್ದು ಹೋಗುತ್ತಿದ್ದದ್ದೂ ಆಗಲೇ.

ಸಿಕ್ಕಿಬಿದ್ದರೆ ಅಂಕಿ-ಅಂಶವೇ ಗತಿ. ಊಟದ ಹೊತ್ತಿನಲ್ಲಿ ಇವರ ಮೊಬೈಲಿನತ್ತ ಬಾಗಿದ ಕ್ಯಾಷಿಯರಿಗೆ, ‘ಇದು ಆರ್ಕೇನ್ ಕಣ್ರೀ, ಪ್ಯಾರಿಸ್ಸಿನ ಸ್ಟುಡಿಯೋದವರು ಮಾಡಿದ್ದು, 2022ರಲ್ಲಿ ಎಮ್ಮಿ ಪ್ರಶಸ್ತಿ ಬಂದಿದೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ಕ್ಯಾಷಿಯರು ಕೈಚಾಚಿದ್ದು ಉಪ್ಪಿನಕಾಯಿಗೆ.

ಕಾರ್ಟೂನ್ ನೋಡುವಾಗಲೂ ಬ್ಯಾಂಕಿನ ಬುದ್ಧಿ ಬಿಡದು. 1998ರ ‘ಕೌಬಾಯ್ ಬಿಬಾಪ್’ ಜಪಾನಿನದು, ಕಥೆ ನಡೆಯುವುದು 2071ರಲ್ಲಿ. ನಾಯಕರಿಗೆ ಗ್ರಹದಿಂದ ಗ್ರಹಕ್ಕೆ ಹಾರುವ ನೌಕೆಯಿದೆ. ಮೊದಲ ಕಂತಿನಲ್ಲೇ ಮಾಂಸದ ಪಲ್ಯದಲ್ಲಿ ಮಾಂಸವಿಲ್ಲ. ಅಪರಾಧಿಗಳನ್ನು ಹಿಡಿದು ಗಳಿಸಿದ ಇನಾಮು ಒಡೆದುಹಾಕಿದ ಸಾಮಾನಿನ ದಂಡಕ್ಕೇ ಹೋಗಿದೆ. ‘ಇವರಿಗೆ ಯಾವ ಬ್ಯಾಂಕೂ ಸಾಲ ಕೊಡಲ್ಲ’ ಎಂದು ರಾಯರು ನಿಜವಾಗಿಯೂ ನೊಂದುಕೊಳ್ಳುತ್ತಾರೆ.

‘ಇದೆಲ್ಲ ನಡೆಯೋ ಮಾತೇನ್ರೀ?’ ಎನ್ನುವುದು ಹೆಂಡತಿಯ ತಕರಾರು. ಆಕೆಯ ಧಾರಾವಾಹಿಯಲ್ಲಿ ಬೆಟ್ಟದಿಂದ ಬಿದ್ದು ಸತ್ತ ನಾಯಕಿ ಮೊನ್ನೆ ಬೇರೆ ಮುಖ ಹೊತ್ತು ಬಂದಳು. ರಾಯರು ಆ ಮಾತೆತ್ತುವುದಿಲ್ಲ. ರಾತ್ರಿ ಊಟ ಅದೇ ಮನೆಯಲ್ಲಿ ಆಗಬೇಕಲ್ಲ!

ಅವರಿಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ 2005ರಿಂದ 2008ರವರೆಗೆ 61 ಕಂತು ಬಂತು. 2010ರಲ್ಲಿ ಮನೋಜ್ ಶ್ಯಾಮಲನ್ ಅದರ ಮೊದಲ ಭಾಗವನ್ನು ಎರಡು ಗಂಟೆಯೊಳಗಿನ ಸಿನಿಮಾಕ್ಕೆ ತುರುಕಿದರು. ನಾಯಕ ‘ಆಂಗ್’ ಅಲ್ಲಿ ‘ಓಂಗ್’ ಆದ. ಈ ಮಾತು ಬಂದರೆ, ಫಿಲ್ಟರ್ ಕಾಫಿ ಕೇಳಿ ಚಿಕೋರಿ ನೀರು ಕುಡಿದವರಂತೆ ರಾಯರ ಮುಖ ಕಹಿಯಾಗುತ್ತದೆ.

ಚಕ್ಕುಲಿಯ ಹುಡುಗ ಕೈಕೊಟ್ಟ ಮೇಲೆ ಅವರು ತಾಯಿಯನ್ನು ಹಿಡಿದಿದ್ದಾರೆ. ಎಂಬತ್ತು ದಾಟಿದ ಆಕೆ ‘ಅವತಾರ್’ ಎಂಬ ಹೆಸರು ಕೇಳಿ ಭಕ್ತಿಯಿಂದಲೇ ಕೂತರು. ನೀರು, ಭೂಮಿ, ಬೆಂಕಿ, ಗಾಳಿ ಎಂದು ಶುರುವಾಗಿ ಅಲ್ಲಿಗೇ ನಿಂತಾಗ, ‘ಆಕಾಶ ಎಲ್ಲೋ? ಭೂತ ಐದಲ್ವೇನೋ?’ ಎಂದರು. ಇದಕ್ಕೆ ರಾಯರ ಬಳಿ ಅಂಕಿ-ಅಂಶ ಇರಲಿಲ್ಲ. ಸುಟ್ಟ ಗಾಯದ ರಾಜಕುಮಾರನಿಗೆ ಚಹಾ ಕಾಸಿ ಬುದ್ಧಿ ಹೇಳುವ ಐರೋ ಎಂಬ ದೊಡ್ಡಪ್ಪ ಮಾತ್ರ ಆಕೆಗೆ ಬಹಳ ಹಿಡಿಸಿದ್ದಾನೆ: ‘ಆ ಟೀ ಮುದುಕ ಬಂದಾಗ ಎಬ್ಬಿಸು.’

ಎಬ್ಬಿಸುವುದು ನಿತ್ಯದ ಕೆಲಸ. ಕೆಲವು ಕಂತು ಆಗುವಷ್ಟರಲ್ಲಿ ಟಿ.ವಿ. ‘ಇನ್ನೂ ನೋಡುತ್ತಿದ್ದೀರಾ?’ ಎಂದು ಕೇಳುತ್ತದೆ. ಅಡುಗೆಮನೆಗೂ ಕೇಳಿಸುವಂತೆ ರಾಯರು, ‘ಅಮ್ಮಾ, ಇನ್ನೊಂದು ಹಾಕ್ಲಾ?’ ಎನ್ನುತ್ತಾರೆ. ಆಕೆಯ ಗೊರಕೆಯಲ್ಲಿ ‘ಹೂಂ’ ಎಂಬಂಥದ್ದೇನೋ ಬಂದ ಕ್ಷಣ ನೋಡಿ ರಿಮೋಟು ಒತ್ತುತ್ತಾರೆ.