ಡಾಸ್ ಕ್ರೀಡೆಗಳ ಪುನರುತ್ಥಾನದ ತಾತ್ವಿಕ ನೆಲೆಗಳು: ಒಂದು ಮರುಚಿಂತನೆ

ಈ ಸಂಪ್ರಬಂಧದ ಉದ್ದೇಶ, ವ್ಯಾಪ್ತಿ, ಮಿತಿ ಹಾಗೂ ಮಿತಿಯ ವ್ಯಾಪ್ತಿಗಳನ್ನು ಆರಂಭದಲ್ಲೇ ನಿರ್ವಚಿಸಿಕೊಳ್ಳುವುದು ವಿದ್ವತ್ ಶಿಸ್ತಿನ ನೆಲೆಯಿಂದ ಅನಿವಾರ್ಯವಾಗುತ್ತದೆ. ಉದ್ದೇಶ: 1990ರಲ್ಲಿ ಡಾಸ್‌ಗೆ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟವನ್ನು ನನ್ನ ಈಗಿನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿಸುವುದು. ವ್ಯಾಪ್ತಿ: ಎರಡು ಭಾನುವಾರ, ಒಂದು ಸಾಂದರ್ಭಿಕ ರಜೆ. ಕ್ಷೇತ್ರಕಾರ್ಯ: ಊಟದ ಮೇಜು. ಮಿತಿ: ಪಕ್ಕದಲ್ಲಿ ಕೂತು ‘ಇನ್ನೂ ಆಗ್ಲಿಲ್ವಾ ಮಾವ?’ ಎಂದು ಐದು ನಿಮಿಷಕ್ಕೊಮ್ಮೆ ಕೇಳುವ ಅಕ್ಕನ ಮಗ.

ಇಲ್ಲಿ ‘ಸರಿಯಾಗಿ’ ಮತ್ತು ‘ಓಡಿಸುವುದು’ ಎಂಬೆರಡು ಪರಿಕಲ್ಪನೆಗಳು ವಾಗ್ವಾದಕ್ಕೆ ತೆರೆದುಕೊಳ್ಳುತ್ತವೆ. ಓಡಿಸು ಎಂಬುದನ್ನು ಕೆಲವು ವಿದ್ವಾಂಸರು ‘ಚಲಾಯಿಸು’ ಎಂದೂ ಮತ್ತೆ ಕೆಲವರು ‘ಕಾರ್ಯಗತಗೊಳಿಸು’ ಎಂದೂ ಅನುಸಂಧಾನಿಸಿದ್ದಾರೆ. ಟೆಂಟಿನಲ್ಲಿ ಪಿಕ್ಚರ್ ಓಡುತ್ತಿದ್ದ ಕಾಲದಿಂದ ನಮ್ಮ ಜನ ಈ ಪದವನ್ನು ಯಾವ ಸಮಿತಿಯ ಒಪ್ಪಿಗೆಯೂ ಇಲ್ಲದೆ ಬಳಸಿಕೊಂಡು ಬಂದಿರುವುದರಿಂದ ಪ್ರಸ್ತುತ ಸಂಶೋಧಕನೂ ಅದನ್ನೇ ಬಳಸುತ್ತಾನೆ. ‘ಸರಿಯಾಗಿ’ ಎಂಬುದರ ನಿರ್ವಚನವನ್ನು ಕೊನೆಯ ಅಧ್ಯಾಯಕ್ಕೆ ಕಾದಿರಿಸಲಾಗಿದೆ. ಕೊನೆಯ ಅಧ್ಯಾಯವನ್ನು ಬರೆದಿಲ್ಲ.

ಪೂರ್ವಸೂರಿಗಳಲ್ಲಿ ಮೂರು ಮತಗಳಿವೆ. ದ್ವೈತಿಗಳ ಪ್ರಕಾರ ಹಳೆಯ ಯಂತ್ರವೇ ಬೇರೆ, ಹೊಸ ಯಂತ್ರವೇ ಬೇರೆ. ಇವೆರಡರ ಭೇದ ನಿತ್ಯ. ಆದ್ದರಿಂದ ಹಳೆಯ 486ನ್ನೂ ಗಾಜಿನ ಕೊಳವೆಯ ಮಾನಿಟರನ್ನೂ ಹುಡುಕಿ ತಂದು, ಧೂಳು ಹೊಡೆದು, ಅದರಲ್ಲೇ ಆಡತಕ್ಕದ್ದು. ಇವರ ಮನೆಯಲ್ಲಿ ಉಳಿದವರಿಗೆ ಕಾಲಿಡಲು ಜಾಗವಿರುವುದಿಲ್ಲ. ಅದ್ವೈತಿಗಳದು ಎಮ್ಯುಲೇಟರ್ ಮಾರ್ಗ. 2002ರಿಂದ ಪ್ರಚಾರದಲ್ಲಿರುವ ಡಾಸ್‌ಬಾಕ್ಸ್ ಇವರ ಪ್ರಸ್ಥಾನಗ್ರಂಥ. ಯಂತ್ರ, ಸ್ಕ್ರೀನು, ಸೌಂಡ್ ಕಾರ್ಡು ಎಲ್ಲವೂ ಮಾಯೆ. ಪಾಪ, ಆಟಕ್ಕೆ ಮಾತ್ರ ತಾನು 1990ರಲ್ಲೇ ಇದ್ದೇನೆಂಬ ದೃಢ ನಂಬಿಕೆ. ಮೂರನೆಯವರು ವಿಶಿಷ್ಟಾದ್ವೈತಿಗಳು. 2015ರ ಜನವರಿಯಲ್ಲಿ ಇಂಟರ್ನೆಟ್ ಆರ್ಕೈವ್‌ನವರು ಸಾವಿರಾರು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಮಾಡಿದ ಮೇಲೆ ಹುಟ್ಟಿಕೊಂಡ ಪ್ರಪತ್ತಿಮಾರ್ಗವಿದು. ಒಮ್ಮೆ ಮೌಸ್ ಒತ್ತಿ ಶರಣಾದರೆ ಮುಗಿಯಿತು, ಉಳಿದ ಭಾರವೆಲ್ಲ ಅವನದು. ಇಷ್ಟು ಸುಲಭದಲ್ಲಿ ಮೋಕ್ಷ ಸಿಕ್ಕರೆ ಪ್ರಬಂಧ ಬರೆಯುವುದೆಲ್ಲಿಂದ? ಹಾಗಾಗಿ ಅದನ್ನು ತಿರಸ್ಕರಿಸಲಾಗಿದೆ.

ಮೊದಲಿಗೆ ಮೂಲ ಸಮಸ್ಯೆ. ಆಟದ ಫೈಲಿನ ಮೇಲೆ ನೇರವಾಗಿ ಎರಡು ಸಲ ಕ್ಲಿಕ್ ಮಾಡಿದರೆ ಏಕೆ ಓಡುವುದಿಲ್ಲ? 64 ಬಿಟ್ಟಿನ ಸ್ಥಿತಿಗೇರಿದ ಪ್ರೊಸೆಸರಿಗೆ ತನ್ನ ಅಜ್ಜನಾದ 8086ರ ವೇಷ ಕಟ್ಟುವ ಶಕ್ತಿ ಹೋಗಿಬಿಡುತ್ತದೆ. ಹಾಗಾಗಿ 64 ಬಿಟ್ ವಿಂಡೋಸ್ 16 ಬಿಟ್ಟಿನವರನ್ನು ಹೊಸಿಲು ದಾಟಲು ಬಿಡುವುದಿಲ್ಲ. ಉನ್ನತ ಹುದ್ದೆಗೆ ಹೋದ ಮೇಲೆ ಊರಿನವರ ಗುರುತು ಹಿಡಿಯದಿರುವ ಈ ವಿದ್ಯಮಾನವನ್ನು ನಾವು ‘ಪದೋನ್ನತಿಜನ್ಯ ಬಂಧುವಿಸ್ಮೃತಿ’ ಎಂದು ಕರೆಯಬಹುದು. ಕರೆಯೋಣ.

ಇನ್ನು ಸ್ಮೃತಿಮೀಮಾಂಸೆ. ಡಾಸ್ ಕಾಲದ ಯಂತ್ರವನ್ನು ಹದಿನಾರು ಅಂಕಣದ ಮನೆ ಎಂದು ಭಾವಿಸಿ. ಒಂದೊಂದು ಅಂಕಣಕ್ಕೆ 64 ಕಿಲೋಬೈಟ್, ಒಟ್ಟು 1024. 8088 ಪ್ರೊಸೆಸರಿನ ಕೈ ಎಟಕುತ್ತಿದ್ದದ್ದೇ ಅಷ್ಟು ದೂರ. ಅದರಲ್ಲಿ ಹತ್ತು ಅಂಕಣ, ಅಂದರೆ 640 ಕಿಲೋಬೈಟ್, ಬಾಡಿಗೆಗೆ. ಮೇಲಿನ ಆರು ಅಂಕಣ ಮನೆಯೊಡೆಯನದು: ಅಲ್ಲಿ ಸ್ಕ್ರೀನಿನ ಮೆಮೊರಿ, ಬಯಾಸು, ದೇವರ ಕೋಣೆ. ಹತ್ತು ಅಂಕಣದಲ್ಲಿ ಮೊದಲು ಡಾಸ್ ತಾನೇ ಚಾಪೆ ಹಾಸಿ ಮಲಗುತ್ತದೆ. ಆಮೇಲೆ ಮೌಸಿನ ಡ್ರೈವರ್ ಬರುತ್ತಾನೆ, ಸಿ.ಡಿ. ಡ್ರೈವರ್ ಸಂಸಾರ ಸಮೇತ ಬರುತ್ತಾನೆ. ಕೊನೆಗೆ ಆಟ ಬಂದು, ನನಗೆ ಇನ್ನೂ ಹನ್ನೆರಡು ಕಿಲೋಬೈಟ್ ಕಡಿಮೆ ಬಿತ್ತು ಎಂದು ಬಾಗಿಲಲ್ಲೇ ನಿಂತುಬಿಡುತ್ತದೆ. ಹಿಂದುಗಡೆ ಹಿತ್ತಿಲಿನಲ್ಲಿ ನಾಲ್ಕು ಮೆಗಾಬೈಟ್ ಬಯಲು ಬಿದ್ದಿದ್ದರೂ ಅದು ಒಳಗಿನವರಿಗೆ ಒದಗುವುದಿಲ್ಲ. ಹಿತ್ತಿಲಿನ ಬಾಗಿಲು ತೆಗೆಯುವವನು ಹೈಮೆಮ್. ಒಡೆಯನ ಆರು ಅಂಕಣದಲ್ಲಿ ಖಾಲಿಯಿದ್ದ ಮೂಲೆಗಳಿಗೆ ಅಟ್ಟ ಕಟ್ಟುವವನು ಇಎಮ್‌ಎಮ್386. ಕಾನ್ಫಿಗ್ ಸಿಸ್ ಎಂಬ ಫೈಲಿನಲ್ಲಿ ‘ಡಿವೈಸ್‌ಹೈ’ ಎಂದು ಬರೆದು ಒಬ್ಬೊಬ್ಬ ಡ್ರೈವರನನ್ನೂ ಅಟ್ಟಕ್ಕೆ ಹತ್ತಿಸಬೇಕು. ಹತ್ತಿಸುವ ಕ್ರಮ ತಪ್ಪಿದರೆ ದಪ್ಪನೆಯವನು ಏಣಿಯಲ್ಲೇ ಸಿಕ್ಕಿಕೊಳ್ಳುತ್ತಾನೆ. ಇಷ್ಟೆಲ್ಲ ಮಾಡಿ 1992ರ ‘ಅಲ್ಟಿಮಾ 7’ ಎಂಬ ಅತಿಥಿಯನ್ನು ಕರೆದರೆ, ಅಟ್ಟ ಇರುವ ಮನೆಗೆ ನಾನು ಬರುವುದಿಲ್ಲ, ಇಎಮ್‌ಎಮ್386ನ್ನು ಹೊರಗೆ ಹಾಕಿ ಎನ್ನುತ್ತದೆ! ಆಟಕ್ಕೊಂದು ಬೂಟ್ ಫ್ಲಾಪಿ ಇಟ್ಟುಕೊಂಡು, ಆಟ ಬದಲಾದಾಗಲೆಲ್ಲ ಮನೆ ಕೆಡವಿ ಕಟ್ಟುತ್ತಿದ್ದೆವು. ಡಾಸ್‌ಬಾಕ್ಸಿನಲ್ಲಿ ಈ ಯಾವ ಗೋಜೂ ಇಲ್ಲ. ಹಾಗಿದ್ದರೂ ಇಷ್ಟು ವಿವರವಾಗಿ ಬರೆದೆನೇಕೆಂದರೆ, ಈ ವಿದ್ಯೆ ಕಲಿಯಲು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಅದನ್ನು ಬೇರೆಲ್ಲೂ ಉಪಯೋಗಿಸುವ ಹಾಗಿಲ್ಲ.

ಈಗ ದೋಷಗಳ ವರ್ಗೀಕರಣ. ಆಟವೂ ಯಂತ್ರವೂ ಕೂಡುವಲ್ಲಿ ಉಂಟಾಗುವ ವಿಕಾರಗಳನ್ನು ಕನ್ನಡ ವ್ಯಾಕರಣದ ಬೆಳಕಿನಲ್ಲಿ ಲೋಪ, ಆಗಮ, ಆದೇಶ ಎಂದು ಮೂರಾಗಿ ವಿಂಗಡಿಸಬಹುದು. ವ್ಯಂಜನಸಂಧಿಯ ಉಪವಿಭಾಗಗಳು ಅನುಬಂಧದಲ್ಲಿವೆ.

ಲೋಪಸಂಧಿ: ಇದ್ದದ್ದು ಮಾಯವಾಗುವುದು. ಮುಖ್ಯವಾಗಿ ಸದ್ದು. ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಗೋತ್ರ, ಸೂತ್ರ, ಪ್ರವರಗಳಿದ್ದವು: ಎ220, ಐ7, ಡಿ1. ವಿಳಾಸ 220, ಇಂಟರಪ್ಟ್ 7, ಡಿಎಂಎ 1. ಆಟದ ಸೆಟಪ್ಪಿನಲ್ಲಿ ಈ ಪ್ರವರ ಒಪ್ಪಿಸುವಾಗ ಏಳರ ಜಾಗದಲ್ಲಿ ಐದೆಂದರೆ ಮೂಕಿಚಿತ್ರ. ಆಗಿನ ಪ್ರಿಂಟರುಗಳದೂ ಅದೇ ಏಳನೆಯ ಗೋತ್ರವಾದ್ದರಿಂದ ಸಗೋತ್ರ ಕಲಹಗಳೂ ಆಗುತ್ತಿದ್ದವು.

ಆಗಮಸಂಧಿ: ಇಲ್ಲದ್ದು ಬಂದು ಸೇರುವುದು. ಇಲ್ಲಿ ಸೇರುವುದು ವೇಗ. ಐಬಿಎಂನ ಮೊದಲ ಪಿ.ಸಿ. ಓಡುತ್ತಿದ್ದುದು 4.77 ಮೆಗಾಹರ್ಟ್ಸಿನಲ್ಲಿ. ಆ ಕಾಲದ ಎಷ್ಟೋ ಆಟಗಳು ಗಡಿಯಾರ ನೋಡಿದವಲ್ಲ. ತಮ್ಮ ಯಂತ್ರದ ಉಸಿರನ್ನೇ ತಾಳವೆಂದು ನಂಬಿದವು. 1990ರ ‘ವಿಂಗ್ ಕಮಾಂಡರ್’ ಅನ್ನು ಮುಂದೆ ಬಂದ ಯಂತ್ರಗಳಲ್ಲಿ ಹಾಕಿದರೆ ಶತ್ರು ಕಾಣಿಸುವುದರೊಳಗೆ ನಾವು ಸತ್ತಿರುತ್ತೇವೆ. ಇದಕ್ಕೆ ಡಾಸ್‌ಬಾಕ್ಸಿನಲ್ಲಿ ‘ಸೈಕಲ್ಸ್’ ಎಂಬ ಕಡಿವಾಣವಿದೆ. ಕಂಟ್ರೋಲ್ ಒತ್ತಿಕೊಂಡು ಎಫ್11 ಎಂದರೆ ನಿಧಾನ, ಎಫ್12 ಎಂದರೆ ಜೋರು. 3000ದಿಂದ ಶುರುಮಾಡಿ, ಒಲೆಯ ಉರಿ ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಆಗಮದ ಅತ್ಯುತ್ತಮ ಉದಾಹರಣೆ ಟರ್ಬೊ ಪ್ಯಾಸ್ಕಲಿನದು. ಅದರಲ್ಲಿ ಬರೆದ ಪ್ರೋಗ್ರಾಮು ಶುರುವಾಗುವಾಗ, ಗಡಿಯಾರದ ಒಂದು ಮಿಡಿತದೊಳಗೆ ಎಷ್ಟು ಸುತ್ತು ಎಣಿಸಲಾಗುತ್ತದೆಂದು ನೋಡಿ ಅದನ್ನು 55ರಿಂದ ಭಾಗಿಸುತ್ತಿತ್ತು. ಯಂತ್ರ ತೀರ ಚುರುಕಾದಾಗ ಬಂದ ಉತ್ತರ 16 ಬಿಟ್ಟಿನ ಪಾತ್ರೆಯಲ್ಲಿ ಹಿಡಿಸದೆ ಉಕ್ಕಿತು. ಪ್ರೋಗ್ರಾಮು ಹೇಳಿದ್ದೇನು? ‘ರನ್‌ಟೈಮ್ ಎರರ್ 200, ಸೊನ್ನೆಯಿಂದ ಭಾಗಾಕಾರ’. ಯಾರೂ ಸೊನ್ನೆಯಿಂದ ಭಾಗಿಸಿರಲಿಲ್ಲ. ಶಿಷ್ಯ ವೇಗವಾಗಿ ಲೆಕ್ಕ ಮುಗಿಸಿದ್ದಕ್ಕೆ ಮೇಷ್ಟರು ತಪ್ಪು ಹಾಕಿದರು, ಅಷ್ಟೆ. ನಮ್ಮ ವಿಭಾಗದಲ್ಲೂ ಇದು ನಡೆಯುತ್ತಿತ್ತು.

ಆದೇಶಸಂಧಿ: ಒಂದರ ಜಾಗಕ್ಕೆ ಮತ್ತೊಂದು ಬರುವುದು. 320 ಅಡ್ಡ, 200 ಉದ್ದ ಚುಕ್ಕಿಗಳ ಚಿತ್ರವನ್ನು ಆಗ ನಾಲ್ಕಕ್ಕೆ ಮೂರರ ಪ್ರಮಾಣದ ಸ್ಕ್ರೀನಿಗೆ ಎಳೆದು ಕೂರಿಸುತ್ತಿದ್ದರು. ಈಗಿನ ಚೌಕ ಚುಕ್ಕಿಗಳಲ್ಲಿ ಹಾಗೇ ತೋರಿಸಿದರೆ ಆರಡಿಯ ರಾಜಕುಮಾರ ಐದಡಿಯವನಾಗುತ್ತಾನೆ. ಸೆಟ್ಟಿಂಗಿನ ಫೈಲಿನಲ್ಲಿ ‘ಆಸ್ಪೆಕ್ಟ್’ ಎಂದಿರುವ ಕಡೆ ‘ಟ್ರೂ’ ಎಂದು ಬರೆದರೆ ಅವನಿಗೆ ಅವನ ಎತ್ತರ ವಾಪಸು ಸಿಗುತ್ತದೆ. ವ್ಯಂಜನಸಂಧಿಯ ಅನುಬಂಧ... ಇಲ್ಲ, ಅನುಬಂಧವಿಲ್ಲ. ಸಂಧಿ ಸಾಕು. ನನಗೇ ಬೇಸರ ಬಂತು.

ಆಟ ಓಡಿತು. ಅಕ್ಕನ ಮಗ ಮೊದಲ ಹಂತ ದಾಟಿ, ಸೀಸೆಗಳ ಕೋಣೆಗೆ ಬಂದ. ಇಂತಿಷ್ಟನೆಯ ಪುಟ, ಇಂತಿಷ್ಟನೆಯ ಸಾಲು, ಇಂತಿಷ್ಟನೆಯ ಪದದ ಮೊದಲಕ್ಷರದ ಸೀಸೆಯನ್ನು ಕುಡಿ ಎನ್ನುತ್ತದೆ ಆಟ. ಕಾಸು ಕೊಟ್ಟು ಕೊಂಡವನಿಗೆ ಕೈಪಿಡಿ ಇರುತ್ತದೆ. ನಕಲು ಮಾಡಿದವನು ವಿಷ ಕುಡಿಯಬೇಕು. ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಬೇಕಿದ್ದ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಕೈಪಿಡಿಯನ್ನು ಕಂಡವರೇ ಇರಲಿಲ್ಲ. ಆದರೆ ಯಾವುದೋ ದೇಶದ ಯಾವನೋ ಪುಣ್ಯಾತ್ಮ ಆ ಬೀಗ ಒಡೆದಿದ್ದ, ನಾವು ಆಡಿದೆವು.

ಈ ಆಟ ಬರೆದ ಜೋರ್ಡನ್ ಮೆಕ್ನರ್, ತನ್ನ ತಮ್ಮನನ್ನು ಓಡಿಸಿ ಹಾರಿಸಿ ವಿಡಿಯೋ ತೆಗೆದು ಆ ಚಲನೆಯನ್ನೇ ರಾಜಕುಮಾರನಿಗೆ ಕೊಟ್ಟಿದ್ದ. ಆಪಲ್ ಟೂ ಯಂತ್ರಕ್ಕೆಂದು ಬರೆದ ಅದರ ಮೂಲ ಪ್ರೋಗ್ರಾಮು ಕಳೆದೇ ಹೋಯಿತೆಂದು ಎಷ್ಟೋ ವರ್ಷ ನಂಬಿದ್ದ. 2012ರಲ್ಲಿ ಅವನ ಅಪ್ಪನಿಗೆ ಮನೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು, ಅದರಲ್ಲಿ ಫ್ಲಾಪಿಗಳು. ಹಳೆಯ ಯಂತ್ರಗಳನ್ನು ಬಲ್ಲವರು ಬಂದರು, ಓದಿದರು, ಅವನು ಅದನ್ನು ಲೋಕಕ್ಕೆಲ್ಲ ಬಿಚ್ಚಿಟ್ಟ.

ನನ್ನದೂ ಒಂದು ಪೆಟ್ಟಿಗೆ ಇದೆ.

1994ರಲ್ಲಿ ನಾನೊಂದು ಎಂ.ಫಿಲ್. ಪ್ರಬಂಧ ಬರೆದೆ. ವಿಷಯ ಸೋಬಾನೆ ಪದಗಳು. ಹೆಸರಿನಲ್ಲಿ ‘ತಾತ್ವಿಕ ನೆಲೆಗಳು’ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಪಕ್ಕದೂರಿನ ಒಬ್ಬ ಅಜ್ಜಿ ನಾಲ್ಕು ಸಂಜೆ ಕೂತು ನಲವತ್ತಮೂರು ಹಾಡು ಹಾಡಿದಳು. ಟೇಪು ಕೇಳಿ ಕೇಳಿ ಅಷ್ಟನ್ನೂ ಲ್ಯಾಬಿನಲ್ಲಿ ಟೈಪು ಮಾಡಿದೆ. ನನ್ನ ಮಾರ್ಗದರ್ಶಕರು ಕರಡು ತಿರುವಿ, ‘ಇದೇನಯ್ಯ, ಬರೀ ಹಾಡೇ ಇದೆ, ವಿಶ್ಲೇಷಣೆ ಎಲ್ಲಿ?’ ಅಂದರು. ಪ್ರತಿ ಹಾಡಿನ ಎರಡು ಸಾಲು ಉಳಿಸಿ, ಮುಂದೆ ‘ಇತ್ಯಾದಿ’ ಎಂದು ಬರೆದೆ. ಖಾಲಿಯಾದ ಜಾಗದಲ್ಲಿ ಮುಖಾಮುಖಿ, ಪರಿಪ್ರೇಕ್ಷ್ಯ, ಅನುಸಂಧಾನಗಳನ್ನು ತುಂಬಿದೆ. ಪದವಿ ಬಂತು. ಕ್ಯಾಸೆಟ್ಟು ವಿಭಾಗದ್ದಾದ್ದರಿಂದ ಹಿಂದಕ್ಕೆ ಕೊಟ್ಟೆ; ಅದರ ಮೇಲೆ ಜಾನಪದ ಸಂರಕ್ಷಣೆ ಕುರಿತ ಒಂದು ವಿಚಾರಸಂಕಿರಣದ ಉದ್ಘಾಟನಾ ಭಾಷಣವನ್ನು ರೆಕಾರ್ಡು ಮಾಡಿದರು. ಇದು ಅಣಕವಲ್ಲ. ಹಾಗೇ ಆಯಿತು. ಅಜ್ಜಿ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು.

ಎಸ್.ಪಿ. ರೋಡಿನಲ್ಲಿ ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವೊಂದು ಸಿಕ್ಕಿತು. ಪೆಟ್ಟಿಗೆಯಲ್ಲಿದ್ದ ಆ ಮೊದಲ ಕರಡಿನ ಡಿಸ್ಕು ಎರಡು ಸಲ ಗೊರಗೊರ ಎಂದು ಮೂರನೆಯ ಸಲಕ್ಕೆ ಓದಿತು. ಫೈಲು ತೆರೆದರೆ ಬರೀ ಕಸ: ಆ್ಯಟ್ ಗುರುತು, ಬ್ರಾಕೆಟ್ಟು, ತಲೆಯ ಮೇಲೆ ಚುಕ್ಕಿ ಹೊತ್ತ ಪರದೇಶದ ಅಕ್ಷರಗಳು. ಭಾರತೀಯ ಲಿಪಿಗಳಿಗೆಂದು ಇಸ್ಕಿ ಎಂಬ ಒಂದೇ ಶಿಷ್ಟತೆ 1991ರಲ್ಲೇ ಬಂದಿತ್ತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡವಿತ್ತು. ಆದರೆ ನಮ್ಮ ಲ್ಯಾಬಿನ ಕನ್ನಡ ತಂತ್ರಾಂಶದವರು ತಮ್ಮದೇ ಸಂಕೇತ ಮಾಡಿಕೊಂಡಿದ್ದರು. ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಅದನ್ನು ಯಾರಿಗೂ ಹೇಳಲಿಲ್ಲ. ಪ್ರಿಂಟರಿನ ಕಿಂಡಿಗೆ ಒಂದು ಡಾಂಗಲ್ ಸಿಕ್ಕಿಸದಿದ್ದರೆ ತಂತ್ರಾಂಶ ಏಳುತ್ತಲೇ ಇರಲಿಲ್ಲ. ಈಗ ಕಂಪನಿಯೂ ಇಲ್ಲ, ಡಾಂಗಲ್ಲೂ ಇಲ್ಲ. ರಾಜಕುಮಾರನ ಸೀಸೆಯ ಬೀಗ ಒಡೆಯಲು ಜಗತ್ತಿನ ಮೂಲೆಮೂಲೆಯಲ್ಲಿ ಹುಡುಗರು ರಾತ್ರಿ ನಿದ್ದೆಗೆಟ್ಟರು. ಇದನ್ನು ಒಡೆಯಲು ಒಬ್ಬನಾದರೂ, ಒಬ್ಬನಾದರೂ ಕೂರಲಿಲ್ಲ! ಜಪಾನಿನ ಪಿಸಿ-98 ಯಂತ್ರವನ್ನು ಅದರ ಲಿಪಿ ಸಮೇತ ಎಬ್ಬಿಸಿ ಕೂರಿಸುವ ಎಮ್ಯುಲೇಟರುಗಳಿವೆ. ನಮ್ಮ ಊರೂರಿನ ಡಿಟಿಪಿ ಅಂಗಡಿಗಳ ಅಟ್ಟದ ಮೇಲೆ, ನಿವೃತ್ತ ಮೇಷ್ಟರುಗಳ ಬೀರುವಿನಲ್ಲಿ ಎಷ್ಟು ಪೆಟ್ಟಿಗೆ ಬೂಸಲು ಹಿಡಿಯುತ್ತಿವೆಯೋ. ನವೆಂಬರ್ ಬಂದರೆ ಮಾತ್ರ ಮೈಕಿಗೆ ಬರವಿಲ್ಲ.

ಪ್ರಬಂಧದ ಪ್ರತಿಯನ್ನು ಬೀರುವಿನಿಂದ ತೆಗೆದೆ. ಕಪ್ಪು ರೆಕ್ಸಿನ್ ರಟ್ಟು, ಚಿನ್ನದ ಅಕ್ಷರ. ನೆಲೆಗಳನ್ನೆಲ್ಲ ದಾಟಿ ಹಾಡುಗಳ ಹತ್ತಿರ ಬಂದೆ. ನಲವತ್ತಮೂರು ಹಾಡು, ತಲಾ ಎರಡು ಸಾಲು. ಫೈಲಿನ ಕಸವನ್ನು ಪಕ್ಕದಲ್ಲಿಟ್ಟುಕೊಂಡು, ಈ ಗುರುತು ‘ಸ’, ಇದು ಓತ್ವ, ಇದು ‘ಬ’ ಎಂದು ಒಂದೊಂದಾಗಿ ಕೂಡಿಸತೊಡಗಿದೆ. ಪ್ರತಿ ಎರಡು ಸಾಲಿಗೊಮ್ಮೆ ಅದೇ ಕಸ ಮರಳಿ ಬರುತ್ತಿತ್ತು. ಸೊಲ್ಲು ಅದು, ಹೆಂಗಸರೆಲ್ಲ ಸೇರಿ ಎತ್ತಿಕೊಳ್ಳುತ್ತಿದ್ದದ್ದು. ಸ್ವರಗಳು ಮೊದಲ ರಾತ್ರಿಯೇ ಸಿಕ್ಕವು. ಒತ್ತಕ್ಷರಗಳು ಸತಾಯಿಸುತ್ತಿವೆ. ಆ ಕಡೆ ಅಕ್ಕನ ಮಗ, ಕೋಣೆಯ ಬಾಗಿಲು ಹಾಕಿಕೊಂಡು, ನಾಲ್ಕನೆಯ ಹಂತದಲ್ಲಿ ಚೂಪು ಮೊಳೆಗಳ ಮೇಲೆ ಬಿದ್ದು ಬಿದ್ದು ಏಳುತ್ತಿದ್ದಾನೆ.

ಮೊದಲ ಹಾಡಿನ ಐದನೆಯ ಸಾಲಿನವರೆಗೆ ಬಂದಿದ್ದೇನೆ. ಅಲ್ಲೊಂದು ಪದ ಬಿಡಿಸಿದರೂ ಅರ್ಥವಾಗುತ್ತಿಲ್ಲ; ಹೂವಿನ ಹೆಸರೋ, ಬಳೆಯ ಬಣ್ಣವೋ. ಅಜ್ಜಿಯ ಮಗಳಿಗೆ ಫೋನು ಮಾಡಿ, ಹೀಗೊಂದು ಪದ ಇತ್ತೇ ಎಂದು ಕೇಳಿದೆ. ಯೋಚನೆ ಮಾಡಬೇಕು, ಹಾಡಿಕೊಂಡರೆ ನೆನಪಾಗಬಹುದು ಅಂದಳು. ನಾಳೆ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಮಾಡಿ ಎಂದಿದ್ದಾಳೆ.