ಮಡಚುವ ವಿದ್ಯೆ

ಅಥಣಿ ಪೇಟೆಯಿಂದ ಮಡಚುವ ಮಂಚವೊಂದನ್ನು ಹೊತ್ತು ತಂದೆ. ಬಿಚ್ಚುವಾಗ ಹೊಸ ಅಳಿಯನಷ್ಟು ವಿನಯ ತೋರಿಸಿತು. ಮಡಚುವಾಗ ಮಾತ್ರ ನನ್ನ ಹೆಬ್ಬೆರಳು ಕಚ್ಚಿ ಹಿಡಿದು ಬಿಡಲೊಲ್ಲದು. ಹೆಂಡತಿ ಪಡಸಾಲೆಯಿಂದಲೇ, "ಅಲ್ರೀ, ಮಂಚ ಮಡಚಾಕ ಹೋಗಿ ನೀವ ಮಡಚಿಕೊಂಡ್ರಲ್ಲ!" ಎಂದಳು.

ಬೆರಳಿಗೆ ಅರಿಶಿಣ ಮೆತ್ತಿಕೊಂಡು ಕಟ್ಟೆಯ ಮೇಲೆ ಕೂತಾಗ ನೆನಪಾದವನು ಇಯಾನ್ ಫ್ಯಾರಿಯರ್. 1947ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ, ಮಡಚುವ ಹಾಯಿದೋಣಿಗಳಿಗೇ ಆಯುಷ್ಯ ಸವೆಸಿದ ಪುಣ್ಯಾತ್ಮ. ನಮ್ಮೂರು ತೆಲಸಂಗದ ಬಿಸಿಲಲ್ಲಿ ದೋಣಿಯ ಮಾತೇಕೆ ಎನ್ನಬೇಡಿ. ನಮ್ಮಲ್ಲಿ ಕೊಡ ತುಂಬಿದರೆ ಅದೇ ಸಮುದ್ರ. ಆದರೆ ತಾಲೂಕಿನ ಆಚೆ ಅಂಚಿನ ಹೊಳೆಸಾಲಿನವರ ಕಥೆ ಬೇರೆ. ಕೃಷ್ಣೆ ಉಕ್ಕಿದರೆ ಅವರಿಗೆ ಬೆಲ್ಲದ ಕೊಪ್ಪರಿಗೆಯೂ ದೋಣಿಯೇ. ಅದಕ್ಕೆ ಮುಖ ಯಾವುದು, ಬೆನ್ನು ಯಾವುದು ಎಂಬುದು ಹೊಳೆಗೂ ತಿಳಿಯದು.

ಫ್ಯಾರಿಯರನ ದೋಣಿಗೆ ಮೂರು ಒಡಲು. ಜಾತ್ರೆಯಲ್ಲಿ ಎರಡೂ ಕೈಗೆ ಒಂದೊಂದು ಮಗು ಹಿಡಿದ ತಾಯಿಯ ಹಾಗೆ ನಡುವೆ ದೊಡ್ಡದು, ಅಕ್ಕಪಕ್ಕ ಸಣ್ಣವು. ಕೈ ಅಗಲಿಸಿ ನಿಂತಿರುವುದರಿಂದ ಸಮತೋಲನಕ್ಕೆ ಅಡಿಯಲ್ಲಿ ಸೀಸದ ಭಾರ ಬೇಡ. ಭಾರವಿಲ್ಲದ್ದರಿಂದ ಓಟವೂ ಜೋರು. ತೊಡಕು ಒಂದೇ: ಇಷ್ಟಗಲದ ದೋಣಿಯನ್ನು ಮನೆಗೆ ಒಯ್ಯುವುದು ಹೇಗೆ? 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿದ್ದಾಗ ಆತ ಆ ತೋಳುಗಳಿಗೆ ಕೀಲು ಕೂಡಿಸಿದ. ನೀರಲ್ಲಿ ತೇಲುತ್ತಿರುವಾಗಲೇ ದೋಣಿ ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಳ್ಳುವಂತಾಯಿತು! 1984ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲಿ ಕೋರ್ಸೇರ್ ಮರೀನ್ ಕಂಪನಿಯಿಂದ ಎಫ್-27 ನೀರಿಗಿಳಿಯಿತು. ಉದ್ದ 27 ಅಡಿ, ಅಗಲ 19 ಅಡಿ. ಮಡಚಿದರೆ ಅಗಲ ಬರೀ ಎಂಟೂವರೆ. ಕಾರಿನ ಹಿಂದೆ ಕಟ್ಟಿಕೊಂಡು ಹೊರಡಬಹುದು. ಹಂಗಾಮಿನಲ್ಲಿ ಇಡೀ ರಸ್ತೆಯನ್ನೇ ನುಂಗುವ ನಮ್ಮ ಕಬ್ಬಿನ ಟ್ರಾಲಿಗಳಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ಆತ ಕಂಪನಿಗಳಿಗಷ್ಟೇ ದುಡಿಯಲಿಲ್ಲ. ಮನೆಯಂಗಳದಲ್ಲೇ ದೋಣಿ ಕಟ್ಟುವ ಹುಚ್ಚರಿಗೂ ನಕ್ಷೆ ಬರೆದು ಮಾರಿದ. ಅಂಥವರ ಕೈಗೆ ಕೊಡುವ ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೂ ಮುಳುಗುವವರು ಅವರೇ. ನನ್ನ ಮಂಚದ ಜೊತೆ ಬಂದ ಚೀಟಿಯಲ್ಲಿ ಬಾಣದ ಗುರುತುಗಳಷ್ಟೇ ಇದ್ದವು, ಅವೂ ಒಂದಕ್ಕೊಂದು ಜಗಳವಾಡುತ್ತಿದ್ದವು. ಫ್ಯಾರಿಯರ್ 2017ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಕಾಲಕ್ಕೂ ಎಫ್-22 ಎಂಬ ಪುಟ್ಟ ದೋಣಿಯನ್ನು ತಿದ್ದುವುದರಲ್ಲಿದ್ದ. ನಲವತ್ತು ವರ್ಷ ತಿದ್ದಿದರೂ ಸಾಕೆನಿಸದ ಕೀಲು ಅದು. ನಾನು ನಾಲ್ಕು ನಿಮಿಷಕ್ಕೇ ಸೋತೆ.

ಸಂಜೆ ಬೆರಳಿನ ಬಾವು ಇಳಿಯಿತು. ಇನ್ನೊಮ್ಮೆ ನೋಡೋಣ ಎಂದು ಅಂಗಳಕ್ಕೆ ಹೋದರೆ ಹೆಂಡತಿ ಮಂಚದ ತುಂಬ ಶೇಂಗಾ ಒಣಹಾಕಿದ್ದಳು.

"ಇರ್ಲಿ ಬಿಡ್ರಿ," ಎಂದಳು, "ಹಿಂಗ ಛಲೋ ಐತಿ."